ಗಾಲಿಯ ಮೇಲಿನ ಗೀರುಗಳು

ನಮ್ಮ ಹಿರಿಯಣ್ಣನವರು ಕೊಲ್ಲಿಗೆ ದುಡಿಯಲು ಹೋಗಿ 22 ವರ್ಷಗಳಾದವು. ವರ್ಷಕ್ಕೆ ಅವರು ಊರಿನಲ್ಲಿರುವುದು 30 ದಿನ, ಬಹಳವೆಂದರೆ 40. ಆದರೂ ಐದು ವರ್ಷಗಳ ಹಿಂದೆ ಅವರೊಂದು ಕಾರನ್ನು ಕೊಂಡರು. ಬ್ಯಾಂಕಿನ ಸಾಲ ಬೇಡ, ಬಡ್ಡಿಯ ಗೊಡವೆ ಬೇಡ ಎಂದು ಹಣ ಕೂಡಿಡುತ್ತಾ ಕಾದು, ಪೂರ್ಣ ಮೊತ್ತವನ್ನು ಒಮ್ಮೆಗೇ ಪಾವತಿಸಿ ಕೊಂಡ ಕಾರದು. ಉಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಯಾರ ಆಟೋವನ್ನೂ ಕಾಯುವಂತಾಗಬಾರದು ಎಂಬುದು ಅವರ ಉದ್ದೇಶವಾಗಿತ್ತು. ರಜೆ ಮುಗಿಸಿ ಹೊರಡುವ ದಿನ ಕೀಲಿಕೈಯನ್ನು ನಮ್ಮ ಕೈಗಿತ್ತು, "ಇದು ನಿಮ್ಮಲ್ಲಿ ಅಮಾನತ್ತು" ಎಂದಷ್ಟೇ ಹೇಳಿದರು. ನಾವು ತಮ್ಮಂದಿರಿಬ್ಬರು ತಲೆಯಾಡಿಸಿದೆವು. ಓದುಗರಲ್ಲಿ ಅನೇಕರ ಮನೆಯಂಗಳದಲ್ಲಿಯೂ ಇಂತಹದೊಂದು ಕಾರು ಟಾರ್ಪಾಲು ಹೊದ್ದು ನಿಂತಿರಬಹುದು. ಒಡೆಯ ದೂರದಲ್ಲಿ, ಕೀಲಿಕೈ ಇನ್ನೊಬ್ಬರಲ್ಲಿ.

ಆ ಕಾರಿಗೆ ಅಣ್ಣನವರು ವಿಶೇಷವಾಗಿ ಆರಿಸಿಕೊಂಡದ್ದು ಗಾಲಿಗಳನ್ನು. ಉಕ್ಕಿನ ಗಾಲಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿದ ಅಗ್ಗದ ಮಾದರಿಯನ್ನು ಬಿಟ್ಟು, ಹೆಚ್ಚು ಹಣ ತೆತ್ತು ಅಲಾಯ್ ವೀಲ್ ಇರುವ ಮಾದರಿಯನ್ನೇ ಕೊಂಡಿದ್ದರು. ಯಾವುದಕ್ಕೂ ಆಸೆಪಡದ ಮನುಷ್ಯನಿಗೆ ಗಾಲಿಗಳ ಮೇಲೇಕೆ ಇಷ್ಟು ಪ್ರೀತಿ ಎಂದು ನಮಗೆ ಆಶ್ಚರ್ಯವಾಗಿತ್ತು. ಆಗ ಕೇಳಲಿಲ್ಲ.

ಕಳೆದ ವರ್ಷ ಅವರ ಮಗಳ ನಿಕಾಹ್ ನಿಶ್ಚಯವಾಗಿ, ಅವರು ಬರುವ ದಿನಾಂಕವೂ ಗೊತ್ತಾಯಿತು. ಕಾರನ್ನು ತೊಳೆದಿಡಬೇಕೆಂದು ನಾವು ಅಂಗಳಕ್ಕಿಳಿದೆವು. ಮೈಯೆಲ್ಲ ತೊಳೆದಾಯಿತು, ಗಾಜೂ ಹೊಳೆಯಿತು. ಆದರೆ ಗಾಲಿಗಳು, ಅದರಲ್ಲಿಯೂ ಮುಂದಿನ ಎರಡು, ಎಷ್ಟು ನೀರು ಹಾಯಿಸಿದರೂ ಕಂದುಗಪ್ಪಾಗಿಯೇ ಉಳಿದವು. ಬೆರಳಿನಿಂದ ಒರೆಸಿದರೆ ಬೆರಳಿಗೆ ಮಸಿ ಹತ್ತುತ್ತಿತ್ತು, ಗಾಲಿಗೆ ಮಾತ್ರ ಬಿಳುಪು ಬರುತ್ತಿರಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಯ ತಳ ಹಿಡಿದ ಮಸಿಯನ್ನು ಹೇಗೆ ತೆಗೆಯುತ್ತೇವೆಯೋ ಹಾಗೆಯೇ ತೆಗೆದರಾಯಿತು ಎಂದು ನಮ್ಮಲ್ಲಿ ಕಿರಿಯವನು ಒಳಗೆ ಹೋಗಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರನ್ನೂ ಪಾತ್ರೆಯ ಸೋಪನ್ನೂ ತಂದನು. ಹಿರಿಯವನು ಸ್ಟೀಲಿನ ನಾರನ್ನು ಹಿಡಿದನು. ಮಗ್ರಿಬ್ ಬಾಂಗ್ ಕೊಡುವವರೆಗೆ ತಿಕ್ಕಿದೆವು. ಒದ್ದೆಯಾದ ಗಾಲಿಗಳು ಸಂಜೆಯ ಬೆಳಕಿನಲ್ಲಿ ಬೆಳ್ಳಿಯಂತೆ ಕಂಡವು. ಉಮ್ಮನನ್ನು ಕರೆದು ತೋರಿಸಿದೆವು. ನಮ್ಮ ಬೆನ್ನನ್ನು ನಾವೇ ತಟ್ಟಿಕೊಂಡೆವು.

ಮರುದಿನ ಬೆಳಗ್ಗಿನ ಬಿಸಿಲು ಓರೆಯಾಗಿ ಬಿದ್ದಾಗ ಗಾಲಿಯ ಮೇಲೆ ಜೇಡರ ಬಲೆ ನೇಯ್ದಂತೆ ಗೀರುಗಳು ಕಂಡವು. ಸ್ಕ್ರಬ್ಬರಿನ ಸುತ್ತು ಎಲ್ಲೆಲ್ಲಿ ಹೋಗಿತ್ತೋ ಅಲ್ಲೆಲ್ಲ ವೃತ್ತ ವೃತ್ತವಾಗಿ ಮಸುಕಾಗಿತ್ತು. ಸ್ಟೀಲಿನ ನಾರು ಆಡಿದಲ್ಲಿ ನೇರವಾದ, ಆಳವಾದ ಗೆರೆಗಳಿದ್ದವು. ನೀರು ತುಂಬಿಕೊಂಡಿದ್ದಾಗ ಗೀರು ಕಾಣುವುದಿಲ್ಲ, ಒಣಗಿದ ಮೇಲೆ ಕಾಣುತ್ತದೆ ಎಂಬ ಸಣ್ಣ ಸತ್ಯ ನಮಗೆ ತಿಳಿದಿರಲಿಲ್ಲ.

ನಾವು ಮಾಡಿದ ಮೂಲಭೂತ ತಪ್ಪು ಯಾವುದೆಂದು ಈಗ ಬಲ್ಲೆವು. ಗಾಲಿಯನ್ನು ನಾವು ಲೋಹವೆಂದು ತಿಳಿದು ತಿಕ್ಕಿದ್ದೆವು, ಹಿತ್ತಾಳೆಯ ಕೊಡವನ್ನು ತಿಕ್ಕಿದಂತೆ. ಕೊಡದ ಮೇಲ್ಮೈ ಲೋಹವೇ. ತಿಕ್ಕಿದಷ್ಟೂ ಒಳಗಿನಿಂದ ಹೊಸ ಲೋಹ ಹೊಳೆದು ಬರುತ್ತದೆ. ಆದರೆ ಇಂದಿನ ಬಹುಪಾಲು ಅಲಾಯ್ ಗಾಲಿಗಳಲ್ಲಿ ನಮ್ಮ ಕೈಗೆ ತಾಗುವುದು ಲೋಹವಲ್ಲ. ಅಲ್ಯೂಮಿನಿಯಂ ಮಿಶ್ರಲೋಹದ ಎರಕದ ಮೇಲೆ ಬಣ್ಣ, ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಲೇಪ. ಅಣ್ಣನವರ ಕಾರಿನದು ಡೈಮಂಡ್ ಕಟ್ ಎಂದು ಕರೆಯುವ ಬಗೆ. ಗಾಲಿಯ ಮುಖವನ್ನು ಯಂತ್ರದಲ್ಲಿ ಸಣ್ಣಗೆ ಕೆತ್ತಿ ಲೋಹದ ಹೊಳಪನ್ನು ತೆರೆದು, ಅದರ ಮೇಲೆ ಕೇವಲ ಪಾರದರ್ಶಕ ಲೇಪವನ್ನು ಬಳಿದಿರುತ್ತಾರೆ. ತಲೆಗೂದಲಿನ ದಪ್ಪವನ್ನೂ ಸಾಮಾನ್ಯವಾಗಿ ಮೀರದ ಆ ತೆಳು ಪೊರೆಯೇ ಲೋಹಕ್ಕಿರುವ ಏಕೈಕ ರಕ್ಷಣೆ. ಅದು ಹರಿದರೆ ನೀರೂ ಉಪ್ಪೂ ಒಳಗೆ ಇಳಿದು, ಲೇಪದ ಅಡಿಯಲ್ಲಿ ಬಿಳಿಯ ಎಳೆಎಳೆಯಾಗಿ ಸವಕಳಿ ಹರಡತೊಡಗುತ್ತದೆ. ನಮ್ಮದು ಕಡಲಿಗೆ ಸಮೀಪದ ಊರು. ಗಾಳಿಯಲ್ಲಿಯೇ ಉಪ್ಪಿದೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ.

ಮತ್ತೆ ಆ ಮಸಿ? ಅದು ರಸ್ತೆಯ ಕೆಸರಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಎರಕದ ಕಬ್ಬಿಣದ ತಟ್ಟೆಯನ್ನು ಪ್ಯಾಡುಗಳು ಬಿಗಿಯಾಗಿ ಹಿಡಿಯುತ್ತವೆ. ಆ ಘರ್ಷಣೆಯಲ್ಲಿ ತಟ್ಟೆಯೂ ಪ್ಯಾಡೂ ಸವೆದು, ಕಬ್ಬಿಣದ ಕಣಗಳಿರುವ ಬಿಸಿಯಾದ ಪುಡಿ ಹಾರಿ ಗಾಲಿಗೆ ಅಂಟಿಕೊಳ್ಳುತ್ತದೆ. ವಾಹನ ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕಿಗೇ ದುಡಿಮೆ ಹೆಚ್ಚು. ಹಿಂದಿನ ಗಾಲಿಗಳಲ್ಲಿ ನಮ್ಮ ಊರಿನ ಸಣ್ಣ ಕಾರುಗಳಿಗೆ ಡ್ರಮ್ ಬ್ರೇಕ್ ಇರುವುದು ವಾಡಿಕೆ. ಅಲ್ಲಿ ಪುಡಿ ಬಹುಮಟ್ಟಿಗೆ ಒಳಗೇ ಉಳಿಯುತ್ತದೆ. ಹೀಗಾಗಿ ಮುಂದಿನ ಗಾಲಿ ಕಪ್ಪು, ಹಿಂದಿನದು ಬರಿ ಧೂಳು. ಅಂಟಿದ ಕಬ್ಬಿಣದ ಕಣ ತೇವ ಕುಡಿದು ತುಕ್ಕು ಹಿಡಿದಾಗ ಕಂದು ಚುಕ್ಕೆಗಳಾಗುತ್ತವೆ. ಇಷ್ಟು ತಿಳಿದಿದ್ದರೆ ತಿಕ್ಕುವುದಕ್ಕೆ ಮೊದಲು ನೆನೆಸಬೇಕೆಂಬುದು ಹೊಳೆಯುತ್ತಿತ್ತೇನೋ.

ಗೀರುಗಳನ್ನು ಕಂಡ ದಿನ ನಮ್ಮಿಬ್ಬರಿಗೂ ಊಟ ರುಚಿಸಲಿಲ್ಲ. ಪರಿಚಯದ ಪೇಂಟಿಂಗ್ ಅಂಗಡಿಗೆ ಕಾರನ್ನು ಒಯ್ದೆವು. ಅಲ್ಲಿಯವರು ನೋಡಿ ನಕ್ಕು, "ಇದೆಂತ ದೊಡ್ಡ ವಿಷಯ? ನಾಲ್ಕಕ್ಕೂ ಸಿಲ್ವರ್ ಹೊಡೆದುಕೊಡುತ್ತೇವೆ. ಎರಡು ದಿನ ಸಾಕು. ನಿಮ್ಮ ಅಣ್ಣನಿಗೆ ಗೊತ್ತೇ ಆಗುವುದಿಲ್ಲ" ಎಂದರು. ದರವೂ ನಮ್ಮ ಕೈಗೆಟುಕುವಂತಿತ್ತು. ಮನೆಗೆ ಬಂದು ಲೆಕ್ಕ ಹಾಕಿದೆವು. ಅಣ್ಣನವರು ಬರಲು ಹನ್ನೊಂದು ದಿನ. ಮದುವೆಯ ಗಡಿಬಿಡಿಯಲ್ಲಿ ಅವರು ಗಾಲಿಯ ಮುಂದೆ ಕುಳಿತು ಪರೀಕ್ಷಿಸುವುದಿಲ್ಲ. ರಜೆ ಮುಗಿಸಿ ಹೋದರೆ ಮತ್ತೊಂದು ವರ್ಷ. ನಮ್ಮಲ್ಲೊಬ್ಬನು ಬಣ್ಣ ಹೊಡೆಸಿಬಿಡೋಣವೆಂದನು. ಇನ್ನೊಬ್ಬನು ಬೇಡವೆನ್ನಲಿಲ್ಲ. ಯಾರು ಏನೆಂದರೆಂದು ಇಲ್ಲಿ ಬರೆಯುವುದಿಲ್ಲ. ಏಕೆಂದರೆ ಮರುದಿನ ಬೆಳಗ್ಗೆ ನಾವಿಬ್ಬರೂ ಮುಂಗಡದ ಹಣ ಹಿಡಿದು ಹೊರಟದ್ದು ನಿಜ.

ಬಾಗಿಲಲ್ಲಿ ಉಮ್ಮ ತಡೆದರು. ಹಿಂದಿನ ರಾತ್ರಿಯ ನಮ್ಮ ಮಾತು ಅವರ ಕಿವಿಗೆ ಬಿದ್ದಿತ್ತು. ಅವರು ಬೈಯಲಿಲ್ಲ. "ಅವನಿಗೆ ಫೋನ್ ಮಾಡಿ ಮಕ್ಕಳೇ. ಇಲ್ಲಿಗೆ ಬಂದು ಮದುವೆಮನೆಯಲ್ಲಿ ನೊಂದುಕೊಳ್ಳುವುದಕ್ಕಿಂತ ಅಲ್ಲಿಯೇ ನೊಂದುಕೊಂಡು ಬರಲಿ" ಎಂದು ಹೇಳಿ ಒಳಗೆ ಹೋದರು.

ಅಂದು ಶುಕ್ರವಾರ. ಅಲ್ಲಿ ಜುಮಾ ಮುಗಿದು ಅವರು ಕೋಣೆಗೆ ಮರಳಿರಬಹುದಾದ ಹೊತ್ತಿಗೆ ಕರೆ ಮಾಡಿದೆವು. ನಡೆದುದನ್ನು ಹೇಳಿದೆವು, ಪೇಂಟಿಂಗ್ ಅಂಗಡಿಯ ವಿಚಾರವನ್ನೂ ಸೇರಿಸಿ. ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅವರು ಕೇಳಿದ ಮೊದಲ ಪ್ರಶ್ನೆ ನಮ್ಮನ್ನು ತಬ್ಬಿಬ್ಬುಗೊಳಿಸಿತು.

"ಮೊದಲು ನೀರು ಹಾಯಿಸಿದಿರಾ, ಒಣಗಿದ್ದರ ಮೇಲೆಯೇ ತಿಕ್ಕಿದಿರಾ?"

"ಹಾಯಿಸಿದೆವು ಅಣ್ಣಾ."

"ಗಾಲಿ ಬಿಸಿ ಇತ್ತಾ? ಅದೇ ಬಕೆಟ್ಟಿನ ನೀರಿನಲ್ಲಿ ಸ್ಕ್ರಬ್ಬರನ್ನು ಅದ್ದಿ ಅದ್ದಿ ತಿಕ್ಕಿದಿರಾ? ಉಗುರು ಎಳೆದು ನೋಡಿ, ಗೀರಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದಾ?"

ಇದು ಕಾರಿನ ಒಡೆಯನ ಪ್ರಶ್ನೆಯಾಗಿರಲಿಲ್ಲ, ಕಸುಬು ಬಲ್ಲವನ ಪ್ರಶ್ನೆಯಾಗಿತ್ತು. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದೆವು. "ಬಂದ ಮೇಲೆ ಹೇಳುತ್ತೇನೆ. ಬಣ್ಣ ಹೊಡೆಸಬೇಡಿ. ಇನ್ನು ಅದನ್ನು ಮುಟ್ಟಬೇಡಿ" ಎಂದರು.

ಅವರು ಬಂದು, ನಿಕಾಹ್ ಮುಗಿದು, ನೆಂಟರೆಲ್ಲ ಹೋದ ಮೇಲೆ ಒಂದು ದಿನ ಸುಬ್‌ಹ್ ನಮಾಝಿನ ನಂತರ ನಮ್ಮನ್ನು ಅಂಗಳಕ್ಕೆ ಕರೆದರು. ಲುಂಗಿಯನ್ನು ಎತ್ತಿ ಕಟ್ಟಿ ಗಾಲಿಯೊಂದರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ಆ ಕುಳಿತ ಭಂಗಿಯೇ ಬಹಳ ದಿನಗಳ ರೂಢಿಯದು ಎಂದು ನೋಡಿದವರಿಗೆ ತಿಳಿಯುವಂತಿತ್ತು. ನಮ್ಮ ಮುಖ ನೋಡದೆ, ಗಾಲಿಯ ಕಡ್ಡಿಗಳ ಮೇಲೆ ಬೆರಳಾಡಿಸುತ್ತಾ ಹೇಳಿದರು.

2003ರಲ್ಲಿ ಅವರು ಶಾರ್ಜಾಕ್ಕೆ ಹೋದಾಗ ಕಂಪೆನಿಯೊಂದರ ಸ್ಟೋರಿನಲ್ಲಿ ಕೆಲಸವೆಂದು ಮನೆಯಲ್ಲಿ ಎಲ್ಲರೂ ತಿಳಿದಿದ್ದೆವು. ಅಂತಹ ಕೆಲಸವೇ ಇರಲಿಲ್ಲ. ಹೇಳಿ ಕರೆದೊಯ್ದವನು ಕೈಬಿಟ್ಟಿದ್ದನು. ಮೊದಲ ಎರಡು ವರ್ಷ ಅವರು ವಸತಿ ಕಟ್ಟಡಗಳ ನೆಲಮಾಳಿಗೆಯಲ್ಲಿ ಕಾರು ತೊಳೆದರು. ಬೆಳಗಿನ ಜಾವ ಮೂರು ಗಂಟೆಗೆ ಇಳಿದರೆ, ಒಡೆಯರು ಕಚೇರಿಗೆ ಹೊರಡುವ ಮೊದಲು ಸಾಲಿನ ಕಾರುಗಳೆಲ್ಲ ಒರೆಸಿ ಮುಗಿಯಬೇಕು. ಒಂದು ಬಕೆಟ್, ಎರಡು ಬಟ್ಟೆ. ನೀರು ಅಲ್ಲಿ ಅಳೆದು ಸಿಗುತ್ತಿತ್ತು. ಒಂದು ದಿನ ಕೈಜಾರಿ ಬಟ್ಟೆ ನೆಲಕ್ಕೆ ಬಿತ್ತು. ಕೊಡವಿಕೊಂಡು ಅದರಿಂದಲೇ ಒಂದು ಕಪ್ಪು ಕಾರಿನ ಗಾಲಿಯನ್ನು ಒರೆಸಿದರು. ನೆಲದ ಮರಳು ಬಟ್ಟೆಯಲ್ಲಿತ್ತು. ನಾಲ್ಕು ಗೀರುಗಳು ಬಿದ್ದವು. ಯಾರೂ ನೋಡಿರಲಿಲ್ಲ. ಅವರು ಕಾದು ನಿಂತು, ಒಡೆಯ ಬಂದಾಗ ತಾವಾಗಿಯೇ ತೋರಿಸಿದರು. ಒಡೆಯ ಏನೂ ಅನ್ನದೆ ಹೋದನಂತೆ. ಆದರೆ ಸುದ್ದಿ ತಿಳಿದ ಗುತ್ತಿಗೆದಾರ ಆ ತಿಂಗಳ ಸಂಬಳವನ್ನು ಪೂರ್ತಿ ಹಿಡಿದುಕೊಂಡನು.

ಆ ತಿಂಗಳು ನಮಗೆ ನೆನಪಿದೆ. ಮನೆಗೆ ಹಣ ಬರಲಿಲ್ಲ. ನಮ್ಮಿಬ್ಬರ ಶಾಲೆಯ ಫೀಸು ನಿಂತುಹೋಗಿ, ಬಾಪ ಅಂಗಡಿಯೊಂದರಲ್ಲಿ ಕೈಸಾಲ ಕೇಳಿದ್ದರು. ಅಂದು ಬೂತಿನಿಂದ ಫೋನ್ ಮಾಡಿ ಬಾಪ ಅಣ್ಣನವರನ್ನು ಗದರಿಸಿದ್ದನ್ನು ಪಕ್ಕದಲ್ಲಿ ನಿಂತು ನಾವೇ ಕೇಳಿದ್ದೆವು. ಪರದೇಶಕ್ಕೆ ಹೋಗಿ ದುಂದು ಕಲಿತಿದ್ದಾನೆ ಎಂದು ಅವರು ಮನೆಗೆ ಬಂದು ಉಮ್ಮನಲ್ಲಿ ಹೇಳಿದರು. ಅಣ್ಣನವರು ಅದಕ್ಕೆ ಉತ್ತರ ಕೊಡಲೇ ಇಲ್ಲ. ಬಾಪ ತೀರಿಕೊಂಡು ಈಗ ಒಂಬತ್ತು ವರ್ಷ. ಅವರಿಗೆ ಈ ವಿಷಯ ತಿಳಿಯಲಿಲ್ಲ.

"ಬಾಪನಿಗೆ ಹೇಳಬಹುದಿತ್ತಲ್ಲ ಅಣ್ಣಾ?"

"ಅವರು ಊರಿನಲ್ಲೆಲ್ಲ ಸ್ಟೋರ್ ಕೀಪರ್ ಎಂದು ಹೇಳಿಕೊಂಡಿದ್ದರು" ಎಂದರು ಅಣ್ಣ. ಮತ್ತೆ, "ಬಕೆಟ್ ತನ್ನಿ, ಎರಡು ತನ್ನಿ" ಎಂದರು.

ಅಂದು ಬೆಳಗ್ಗೆ ಅವರು ಕಲಿಸಿದ್ದನ್ನೂ, ಆಮೇಲೆ ನಾವಾಗಿಯೇ ಕೊಂಡು, ಪ್ರಯೋಗಿಸಿ, ಕೆಲವೊಮ್ಮೆ ಎಡವಿ ಕಲಿತದ್ದನ್ನೂ ಸೇರಿಸಿ ಬರೆಯುತ್ತಿದ್ದೇವೆ.

ಗೀರು ಮಾಡುವುದು ಬ್ರಷ್ಷಿಗಿಂತ ಹೆಚ್ಚಾಗಿ ಬ್ರಷ್ಷಿನಲ್ಲಿ ಸಿಕ್ಕಿಕೊಂಡ ಹೊಯಿಗೆ. ಇದು ಅಣ್ಣನವರ ಮೊದಲ ಪಾಠ. ಹೊಯಿಗೆಯ ಮುಖ್ಯ ಭಾಗವಾದ ಸ್ಫಟಿಕ ಶಿಲೆಯ ಕಣವು ಗಡಸುತನದ ಮೋಸ್ ಮಾಪಕದಲ್ಲಿ 7ರ ಸ್ಥಾನದಲ್ಲಿದೆ. ಅಲ್ಯೂಮಿನಿಯಂ 3ನ್ನೂ ಮುಟ್ಟುವುದಿಲ್ಲ. ಸಾಮಾನ್ಯ ಉಕ್ಕು ಕೂಡ ಹೊಯಿಗೆಯ ಮುಂದೆ ಮೆದುವೇ. ಆದ್ದರಿಂದ ರೇಷ್ಮೆಯಷ್ಟು ಮೃದುವಾದ ಬಟ್ಟೆಯನ್ನು ಕೊಂಡರೂ ಅದರೊಳಗೊಂದು ಕಣ ಉಳಿದಿದ್ದರೆ ಅದು ಬಟ್ಟೆಯಲ್ಲ, ಉಪ್ಪುಕಾಗದ. ಅದಕ್ಕೇ ಎರಡು ಬಕೆಟ್. ಒಂದರಲ್ಲಿ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರಿಯ ನೀರು. ಗಾಲಿಗೆ ತಾಗಿಸಿದ್ದನ್ನು ಮೊದಲು ಬರಿನೀರಿನಲ್ಲಿ ಜಾಲಾಡಿಸಿ, ಆಮೇಲೆಯೇ ಶಾಂಪೂ ನೀರಿಗೆ ಅದ್ದಬೇಕು. ಬಕೆಟ್ಟಿನ ತಳದಲ್ಲಿ ಇಡುವ ಜಾಲರಿಯಂತಹ ಪ್ಲಾಸ್ಟಿಕ್ ತಟ್ಟೆ ಸಿಗುತ್ತದೆ. ತಳಕ್ಕಿಳಿದ ಹೊಯಿಗೆಯನ್ನು ಅದು ಮೇಲೇಳಲು ಬಿಡುವುದಿಲ್ಲ. ಅದಿಲ್ಲದಿದ್ದರೂ ನಡೆಯುತ್ತದೆ, ಕೈಯನ್ನು ತಳದವರೆಗೆ ಇಳಿಸದಿದ್ದರೆ ಸರಿ.

ಕಾರಿನ ಮೈ ಒರೆಸುವ ಬಟ್ಟೆ ಗಾಲಿಗೆ ಬೇಡ, ಗಾಲಿಯ ಬಟ್ಟೆ ಮೈಗೆ ಎಂದಿಗೂ ಬೇಡ. ಕಬ್ಬಿಣದ ಪುಡಿ ಹೊಕ್ಕ ಬಟ್ಟೆಯಿಂದ ಕಾರಿನ ಬಾಗಿಲು ಒರೆಸಿದರೆ ಏನಾಗುವುದೆಂದು ವಿವರಿಸಬೇಕಾಗಿಲ್ಲ. ನಾವು ಗಾಲಿಯ ಬಟ್ಟೆಗಳಿಗೆ ಮೂಲೆಯಲ್ಲಿ ಕೆಂಪು ನೂಲು ಹೊಲಿದಿದ್ದೇವೆ.

ಬಟ್ಟೆಯೆಂದರೆ ಹಳೆಯ ಬನಿಯನ್ ಎಂಬುದು ನಮ್ಮ ಊರಿನ ರೂಢಿ. ಹೊಲಿಗೆಯ ಗಂಟು, ಗುಂಡಿ, ಲೇಬಲ್ ಇಲ್ಲದಿದ್ದರೆ ಅದರಿಂದ ಮಹಾ ಅಪಾಯವೇನಿಲ್ಲ. ಆದರೆ ಅದರ ಮೇಲ್ಮೈ ಚಪ್ಪಟೆ. ಕಣಗಳು ಒಳಗೆ ಸೇರಲು ಜಾಗವಿಲ್ಲದೆ ಗಾಲಿಗೂ ಬಟ್ಟೆಗೂ ನಡುವೆ ಉರುಳುತ್ತವೆ. ಮೈಕ್ರೋಫೈಬರ್ ಬಟ್ಟೆಯಲ್ಲಿ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಎಳೆಗಳನ್ನು ಸೀಳಿ ಬಹಳ ಸೂಕ್ಷ್ಮವಾಗಿಸಿರುತ್ತಾರೆ. ಎಳೆ ಉದ್ದವಿದ್ದಷ್ಟು ಕಣಗಳು ಮೇಲ್ಮೈಯಿಂದ ದೂರ ಒಳಗೆ ಸೇರಿಕೊಳ್ಳುತ್ತವೆ. ಕೈಗವಸಿನಂತೆ ಹೊಲಿದದ್ದು ಸಿಕ್ಕಿದರೆ ಕಡ್ಡಿಗಳ ನಡುವೆ ಬೆರಳು ಹೋಗುತ್ತದೆ. ಈ ಬಟ್ಟೆಗಳನ್ನು ಒಗೆಯುವಾಗ ಹತ್ತಿಬಟ್ಟೆಯೊಂದಿಗೆ ಸೇರಿಸಬಾರದು, ಮೃದುಗೊಳಿಸುವ ಕಂಫರ್ಟ್ ಮುಂತಾದ ದ್ರವ ಹಾಕಬಾರದು. ಅದು ಎಳೆಗಳ ಮೇಲೆ ಕುಳಿತು ನೀರು ಹೀರುವ ಗುಣವನ್ನು ಕೆಡಿಸುತ್ತದೆ. ನಮ್ಮ ಮನೆಯಲ್ಲಿ ಒಮ್ಮೆ ಹೀಗಾಗಿ ಆರು ಬಟ್ಟೆಗಳು ಅಡುಗೆಮನೆಗೆ ಬಡ್ತಿ ಪಡೆದವು. ಇನ್ನು ನೆಲಕ್ಕೆ ಬಿದ್ದ ಬಟ್ಟೆ. ಅಣ್ಣನವರು ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಬಿದ್ದರೆ ಅಂದಿಗೆ ಅದರ ಕೆಲಸ ಮುಗಿಯಿತು.

ಬ್ರಷ್ಷಿನ ವಿಷಯ ಸ್ವಲ್ಪ ದೀರ್ಘವಾಗಿಯೇ ಹೇಳಬೇಕು. ಗಾಲಿಗೆ ಒಂದೇ ಬ್ರಷ್ ಸಾಲದು. ಮುಖಕ್ಕೆ ಒಂದು, ನಟ್ಟುಗಳ ಕುಳಿಗೆ ಸಣ್ಣದೊಂದು, ಕಡ್ಡಿಗಳ ಹಿಂದೆ ಒಳಬದಿಗೆ ಉದ್ದನೆಯದೊಂದು. ಟಯರಿನ ರಬ್ಬರಿಗೆ ಗಡಸಾದ ಬೇರೆ ಬ್ರಷ್. ಟಯರಿನ ಬ್ರಷ್ ಅಪ್ಪಿತಪ್ಪಿಯೂ ಗಾಲಿಗೆ ತಾಗಬಾರದು. ಒಳಬದಿಯ ಉದ್ದನೆಯ ಬ್ರಷ್ಷಿನಲ್ಲಿ ಮೋಸವಿದೆ. ಬಾಟಲಿ ತೊಳೆಯುವ ಬ್ರಷ್ಷಿನಂತೆ ನಡುವೆ ತಿರುಚಿದ ಕಬ್ಬಿಣದ ತಂತಿಯಿರುವುದು ಅಗ್ಗವಾಗಿ ಸಿಗುತ್ತದೆ. ಬಾಗಿಸಿದಾಗ ಆ ತಂತಿಯ ತುದಿ ಅಥವಾ ಬೆನ್ನು ಗಾಲಿಯನ್ನು ಕೆರೆಯುತ್ತದೆ. ನಾವು ಮೊದಲು ಕೊಂಡದ್ದು ಅದನ್ನೇ. ಹಿಂದಿನ ಬಲ ಗಾಲಿಯ ಒಳಬದಿಯಲ್ಲಿ ಅದರ ಗುರುತು ಈಗಲೂ ಇದೆ. ಕಾಂಡ ಪೂರ್ತಿ ಪ್ಲಾಸ್ಟಿಕ್ಕಿನದಾಗಿದ್ದು, ತುದಿಯೂ ಉಣ್ಣೆಯಂತಹ ಎಳೆಗಳಿಂದ ಮುಚ್ಚಿರುವುದನ್ನೇ ಆರಿಸಬೇಕು. ಹಿಡಿಕೆ ಮತ್ತು ಕುತ್ತಿಗೆಯಲ್ಲಿ ಲೋಹದ ಉಂಗುರವಿದ್ದರೆ ಅದನ್ನೂ ನೋಡಿಕೊಳ್ಳಿ.

ಕೂದಲಿನ ತುದಿ ಸೀಳಿ ಹೂವಿನಂತೆ ಅರಳಿರುವ ನೈಲಾನ್ ಬ್ರಷ್ ಮೆದುವಾಗಿರುತ್ತದೆ. ಕತ್ತರಿಸಿದಂತೆ ಚೂಪಾಗಿ ನಿಂತಿರುವುದು ಬೇಡ. ತುದಿ ಒಂದೇ ದಿಕ್ಕಿಗೆ ಬಾಗಿ ಗಟ್ಟಿಯಾದರೆ ಅದನ್ನು ಟಯರಿಗೆ ವರ್ಗಾಯಿಸಬೇಕು.

ಇಲ್ಲಿ ನಮ್ಮ ಮನೆಗಳು ಗಮನಿಸಬೇಕಾದ ಸಂಗತಿಯೊಂದಿದೆ. ಕಾರು ಶುಚಿಗೊಳಿಸುವ ಬ್ರಷ್ಷುಗಳಲ್ಲಿ ಉತ್ತಮವೆಂದು ಹೊಗಳಿ ಮಾರುವ ಒಂದು ಬಗೆಯು ಹಂದಿಯ ಕೂದಲಿನದು. ಪೊಟ್ಟಣದ ಮೇಲೆ 'ಬೋರ್ ಹೇರ್' ಎಂದು ಮುದ್ರಿಸಿರುತ್ತಾರೆ. ಕೆಲವೊಮ್ಮೆ 'ನ್ಯಾಚುರಲ್ ಬ್ರಿಸಲ್' ಎಂದಷ್ಟೇ ಇರುತ್ತದೆ. ನಾವು ಅಂತರ್ಜಾಲದ ಅಂಗಡಿಯಿಂದ ತರಿಸಿದ್ದ ಐದು ಬ್ರಷ್ಷುಗಳ ಪೊಟ್ಟಣವನ್ನು ಅಣ್ಣನವರು ತಿರುಗಿಸಿ ಓದಿ ಬದಿಗಿಟ್ಟರು. ಕರಾವಳಿಯಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಹಂದಿಯ ಕೂದಲೂ ನಜಸ್ಸೇ. ಆ ಬ್ರಷ್ಷಿನ ನೀರು ಬಟ್ಟೆಗೆ ಸಿಡಿದು, ಅದರಲ್ಲಿಯೇ ನಮಾಝಿಗೆ ಹೋಗುವ ಪರಿಸ್ಥಿತಿ ಏಕೆ? ಸಿಂಥೆಟಿಕ್ ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ಕೊಳ್ಳಿ. ಗಾಲಿಗೂ ಅದು ಯಾವ ವಿಧದಲ್ಲಿಯೂ ಕಡಿಮೆಯದಲ್ಲ. ಕಬ್ಬಿಣ ಕರಗಿಸುವ ದ್ರವಗಳನ್ನು ತಾಳಿಕೊಳ್ಳುವುದರಲ್ಲಿ ಒಂದು ಕೈ ಮೇಲೆಯೇ. ನಾವು ಪೊಟ್ಟಣವನ್ನು ಹಿಂದಿರುಗಿಸಿದೆವು.

ಯಾವ ಬ್ರಷ್ ಗೀರುತ್ತದೆ, ಯಾವುದು ಗೀರುವುದಿಲ್ಲ ಎಂದು ಕಾರಿನ ಮೇಲೆ ಪ್ರಯೋಗಿಸದೆ ತಿಳಿಯುವ ಉಪಾಯವೊಂದಿದೆ. ಹಳೆಯ ಸಿಡಿಯೊಂದನ್ನು ತೆಗೆದುಕೊಂಡು ಅದರ ಹೊಳೆಯುವ ಬದಿಯನ್ನು ಒದ್ದೆ ಮಾಡಿ ಬ್ರಷ್ಷಿನಿಂದ ಹತ್ತಾರು ಬಾರಿ ಉಜ್ಜಿ, ಒರೆಸಿ, ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಗೆರೆ ಬಿದ್ದಿದ್ದರೆ ಆ ಬ್ರಷ್ ಗಾಲಿಯ ಮುಖಕ್ಕೆ ಯೋಗ್ಯವಲ್ಲ. ನಮ್ಮ ಮನೆಯಲ್ಲಿ ಬಾಪ ಕೂಡಿಟ್ಟಿದ್ದ ಪ್ರವಚನದ ಸಿಡಿಗಳೇ ಪೆಟ್ಟಿಗೆ ತುಂಬ ಇದ್ದವು. ಅವನ್ನು ಮುಟ್ಟಲು ಉಮ್ಮ ಬಿಡಲಿಲ್ಲ. ಕೊನೆಗೆ ಹಳೆಯ ಪ್ರಿಂಟರಿನೊಂದಿಗೆ ಬಂದಿದ್ದ ಸಿಡಿಯೊಂದು ಬಲಿಯಾಯಿತು. ಅಡುಗೆಮನೆಯ ಹಸಿರು ಸ್ಕ್ರಬ್ಬರನ್ನೂ ಅದರ ಮೇಲೆ ಒಮ್ಮೆ ಎಳೆದು ನೋಡಿದೆವು. ಒಂದೇ ಎಳೆತಕ್ಕೆ ಸಿಡಿ ಮಂಜು ಮುಸುಕಿದಂತಾಯಿತು. ಹಸಿರು ಸ್ಕ್ರಬ್ಬರಿನ ನಾರಿಗೆ ಉಜ್ಜುವ ಗಡಸು ಪುಡಿಯನ್ನೇ ಅಂಟಿಸಿರುತ್ತಾರೆ ಎಂಬುದು ಆಮೇಲೆ ತಿಳಿಯಿತು. ಬಿಳಿಯ ರಬ್ಬರಿನಂತಿರುವ 'ಮ್ಯಾಜಿಕ್' ಸ್ಪಂಜುಗಳೂ ಇದೇ ಜಾತಿಯವು. ಮುಟ್ಟಿದರೆ ಮೆದು, ಕೆಲಸದಲ್ಲಿ ನಯವಾದ ಉಪ್ಪುಕಾಗದ. ತೆಂಗಿನ ನಾರಂತೂ ಪಾತ್ರೆಗೇ ಇರಲಿ.

ಉಪಕರಣ ಸರಿಯಿದ್ದರೂ ಅವಸರ ಮಾಡಿದರೆ ವ್ಯರ್ಥ. ಕಾರು ಓಡಿ ಬಂದ ಕೂಡಲೇ ಗಾಲಿ ತೊಳೆಯಬಾರದು. ಬಿಸಿಯಾದ ಲೋಹದ ಮೇಲೆ ಶಾಂಪೂ ಕ್ಷಣದಲ್ಲಿ ಒಣಗಿ ಕಲೆ ಉಳಿಸುತ್ತದೆ. ಅಂಗೈ ತಾಗಿಸಿದರೆ ತಣ್ಣಗಿರಬೇಕು. ಮೊದಲು ಪೈಪಿನ ನೀರಿನಿಂದ ಸಡಿಲ ಮಣ್ಣನ್ನು ಇಳಿಸಬೇಕು. ನಮ್ಮಲ್ಲಿಯ ಕೆಂಪು ಮುರಕಲ್ಲಿನ ಧೂಳು ಹೆಚ್ಚಾಗಿ ಇದರಲ್ಲಿಯೇ ಹೋಗುತ್ತದೆ. ಆಮೇಲೆ ಶಾಂಪೂ ಹಚ್ಚಿ ನೆನೆಯಲು ಬಿಟ್ಟು, ಒಣಗುವ ಮೊದಲು ಕೈ ಹಚ್ಚಬೇಕು. ನಾಲ್ಕು ಗಾಲಿಗೂ ಒಟ್ಟಿಗೆ ಹಚ್ಚಬೇಡಿ. ಒಂದನ್ನು ಮುಗಿಸಿ ಇನ್ನೊಂದು. ಒತ್ತಿ ತಿಕ್ಕುವ ಪ್ರಶ್ನೆಯೇ ಇಲ್ಲ. ಹೋಗದ ಕಂದು ಚುಕ್ಕೆಗಳಿಗೆ ಕಬ್ಬಿಣವನ್ನಷ್ಟೇ ಹಿಡಿಯುವ ದ್ರವ ಸಿಗುತ್ತದೆ. ಸಿಂಪಡಿಸಿದರೆ ಕೆಲವೇ ನಿಮಿಷಗಳಲ್ಲಿ ನೇರಳೆ ಬಣ್ಣದ ಕಣ್ಣೀರಿನಂತೆ ಇಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ತೆರೆದ ಜಾಗದಲ್ಲಿ ಕೈಗವಸು ಹಾಕಿಯೇ ಬಳಸಬೇಕು. ಅದು ಬಳಿಕ ಚೆನ್ನಾಗಿ ತೊಳೆದುಹೋಗಬೇಕು.

ಕಕ್ಕಸು ತೊಳೆಯುವ ಆಸಿಡ್ಡನ್ನು ಗಾಲಿಗೆ ಹಾಕಿ ಕ್ಷಣದಲ್ಲಿ ಹೊಳಪು ಬರಿಸುವವರನ್ನು ನಾವು ಕಂಡಿದ್ದೇವೆ. ಮಸಿಯೂ ಹೋಗುತ್ತದೆ, ಲೇಪವೂ ಹೋಗುತ್ತದೆ. ಗಾಲಿ ಶುಚಿಗೊಳಿಸುವ ಕೆಲವು ದ್ರವಗಳಲ್ಲಿ ಫ್ಲೋರೈಡ್ ಮೂಲದ ಆಮ್ಲ ಇರುವುದುಂಟು. ಅದು ಗಾಲಿಗಿಂತ ಮೊದಲು ಮನುಷ್ಯನಿಗೆ ಅಪಾಯಕಾರಿ. ಚರ್ಮದ ಮೂಲಕ ಒಳಗಿಳಿದು ಮೂಳೆಯವರೆಗೆ ಹಾನಿ ಮಾಡಬಲ್ಲದು. ಚಪ್ಪಲಿಯಿಲ್ಲದೆ, ಬರಿಗೈಯಲ್ಲಿ ಅದನ್ನು ಬಳಿಯುತ್ತಿರುವ ಹುಡುಗನೊಬ್ಬನನ್ನು ಎಲ್ಲಿಯಾದರೂ ಕಂಡರೆ ದಯವಿಟ್ಟು ನಿಲ್ಲಿಸಿ.

ನೀರಿನ ಬಗೆಗೂ ಒಂದು ಮಾತು. 2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ಜಲಮಂಡಳಿ ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಘೋಷಿಸಿತ್ತು. ನಮ್ಮಲ್ಲಿ ಕಿರಿಯವನು ಆಗ ಅಲ್ಲಿಯೇ ಕೆಲಸದಲ್ಲಿದ್ದನು, ಬಕೆಟ್ಟಿಗೆ ಕಾದು ನಿಂತವನು. ಆದರೂ ಊರಿಗೆ ಬಂದು ಪೈಪನ್ನು ಅಂಗಳದಲ್ಲಿ ಹರಿಯಲು ಬಿಟ್ಟು ಬ್ರಷ್ ಹುಡುಕುತ್ತಿದ್ದನು. ಅಣ್ಣನವರು ಮಾತಾಡದೆ ಎದ್ದು ನಲ್ಲಿ ನಿಲ್ಲಿಸಿ ಬಂದರು. ಗಾಲಿಯೊಂದಕ್ಕೆ ಎರಡು ಚೆಂಬು ಮೊದಲು, ಮೂರು ಚೆಂಬು ಕೊನೆಗೆ, ನಡುವೆ ಬಕೆಟ್ಟಿನ ನೀರು. ಅವರ ಕೈಯಲ್ಲಿ ಅಷ್ಟೇ ಸಾಕಾಗುತ್ತಿತ್ತು. ನಮಗೆ ಈಗಲೂ ಅದರ ಇಮ್ಮಡಿ ಬೇಕು.

ತೊಳೆದಾದ ಮೇಲೆ ಒಣಬಟ್ಟೆಯಿಂದ ಒರೆಸಿ, ಕಾರನ್ನು ಬೀದಿಯ ತುದಿಯವರೆಗೆ ನಿಧಾನವಾಗಿ ಓಡಿಸಿ ಎರಡು ಬಾರಿ ಬ್ರೇಕ್ ಒತ್ತಿ ಬರಬೇಕು. ಇಲ್ಲವಾದರೆ ಬ್ರೇಕಿನ ತಟ್ಟೆಯ ಮೇಲೆ ಮರುದಿನ ಕೇಸರಿ ಬಣ್ಣದ ತುಕ್ಕಿನ ಪೊರೆ ಕಾಣುತ್ತದೆ. ಹೆದರಬೇಕಿಲ್ಲ, ಓಡಿಸಿದರೆ ಅದು ಹೋಗುತ್ತದೆ.

ನಾವು ಮಾಡಿದ ಗೀರುಗಳಿಗೆ ಏನಾಯಿತು? ಉಗುರು ಸಿಕ್ಕಿಕೊಳ್ಳದವುಗಳನ್ನು ಅಣ್ಣನವರು ಪಾಲಿಶ್ ಹಚ್ಚಿ, ಎರಡು ಬೆಳಗ್ಗೆ ಕುಳಿತು ಬಹುಮಟ್ಟಿಗೆ ತೆಗೆದರು. ಅವು ಲೇಪದಲ್ಲಿಯೇ ಇದ್ದವು. ಉಕ್ಕಿನ ನಾರು ಎಳೆದ ಆಳದ ಗೀರುಗಳು ಮುಂದಿನ ಎಡ ಗಾಲಿಯಲ್ಲಿ ಹಾಗೆಯೇ ಇವೆ. ಅಂತಹ ಗಾಲಿಯನ್ನು ಯಂತ್ರದಲ್ಲಿ ಮತ್ತೆ ಕೆತ್ತಿ ಹೊಸ ಲೇಪ ಬಳಿಯಬಹುದು. ಪ್ರತಿ ಬಾರಿಯೂ ಸ್ವಲ್ಪ ಲೋಹ ಹೋಗುವುದರಿಂದ ಬಹಳ ಸಲ ಮಾಡುವಂತಿಲ್ಲ. ಖರ್ಚನ್ನು ನಾವೇ ಕೊಡುತ್ತೇವೆಂದೆವು. ಸದ್ಯಕ್ಕೆ ಬೇಡ, ನೀರು ಇಳಿಯದಂತೆ ಲೇಪ ಹಚ್ಚಿಸಿದರೆ ಸಾಕು ಎಂದರು. ಹಚ್ಚಿಸಿದ್ದೇವೆ.

ಅವರು ಹೊರಡುವ ಹಿಂದಿನ ರಾತ್ರಿ ಉಮ್ಮನಿಗೆ ಶಾರ್ಜಾದ ಆ ಎರಡು ವರ್ಷಗಳ ವಿಷಯ ಹೇಳಿದರು. ನಾವು ಹೊರಗಿನ ಚಾವಡಿಯಲ್ಲಿದ್ದೆವು, ಒಳಗಿನ ಮಾತು ಕೇಳಿಸಲಿಲ್ಲ. ಬೆಳಗ್ಗೆ ವಿಮಾನ ನಿಲ್ದಾಣಕ್ಕೆ ಹೊರಟಾಗ ಉಮ್ಮ ಕಾರಿನ ಬಳಿ ಬಂದು, ಬಾಗಿ, ಗಾಲಿಯನ್ನು ಮುಟ್ಟಿ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ಹಾಗೆ ಮಾಡಿದ್ದನ್ನು ನಾವು ಕಂಡಿರಲಿಲ್ಲ.

ಈಗ ಹದಿನೈದು ದಿನಕ್ಕೊಮ್ಮೆ ನಾವು ಗಾಲಿ ತೊಳೆಯುತ್ತೇವೆ. ಮುಗಿದ ಮೇಲೆ ಬಿಸಿಲಿನಲ್ಲಿ ಓರೆಯಾಗಿ ಚಿತ್ರ ತೆಗೆದು ಅಣ್ಣನವರಿಗೆ ಕಳುಹಿಸುತ್ತೇವೆ. ಮೊದಲ ಚಿತ್ರಕ್ಕೆ ಅವರಿಂದ ಬಂದ ಉತ್ತರ ಒಂದೇ ಪದ: "ಒಳಬದಿ?" ಕಡ್ಡಿಗಳ ನಡುವೆ ಫೋನನ್ನು ತೂರಿಸಿ ಅದನ್ನೂ ತೆಗೆದು ಕಳುಹಿಸಿದೆವು.